ಹಳೇ ಹೆಂಚಿನ ಮನೆಯನ್ನು ಸಣ್ಣ ಸಂಸಾರಕ್ಕೆ ಸಜ್ಜು ಮಾಡುವುದು: ಧರೆಯಿಂದ ನೆತ್ತಿ ಹೆಂಚಿನವರೆಗೆ

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಬೀಗ ಬಿದ್ದ ಸಣ್ಣ ಹೆಂಚಿನ ಮನೆಗಳಿಗೆ ಬರವಿಲ್ಲ. ಎದುರಿಗೊಂದು ಜಗಲಿ, ಒಳಗೆ ನಡುಮನೆ, ಅದರ ಹಿಂದೆ ಅಡುಗೆಮನೆ, ಹೊರಗೆ ಬೇರೆಯೇ ಬಚ್ಚಲು, ಅದರಾಚೆ ಕೊಟ್ಟಿಗೆ. ಗೋಡೆ ಒಂದೂವರೆ ಅಡಿ ದಪ್ಪದ ಮಣ್ಣಿನದು, ಇಲ್ಲವೇ ಮಣ್ಣಿನ ಗಾರೆಯಲ್ಲಿ ಕೂರಿಸಿದ ಜಂಬಿಟ್ಟಿಗೆಯದು (ಕೆಂಪು ಮುರಕಲ್ಲು). ಇಲ್ಲಿ ಲೆಕ್ಕಕ್ಕೆ ಹಿಡಿದಿರುವುದು ಹೊರ ಅಳತೆ 20 ಅಡಿ ಅಗಲ, 28 ಅಡಿ ಉದ್ದದ ಎರಡು ಮಾಡಿನ, ಅಂದರೆ ಎರಡು ಕಡೆ ಇಳಿಜಾರು ಚಾವಣಿಯ, ಮನೆ. ಗೋಡೆ ಕಳೆದರೆ ಒಳಗೆ 17ಕ್ಕೆ 25, ಅಂದರೆ 425 ಚದರ ಅಡಿ. ಇಬ್ಬರಿಗೆ ಧಾರಾಳ, ಒತ್ತಿಕೊಂಡರೆ ಮೂವರಿಗೂ ಸಾಕು. ಜಗಲಿಯ ಇಳಿಮಾಡನ್ನು ಈ ಲೆಕ್ಕಕ್ಕೆ ಸೇರಿಸಿಲ್ಲ.

ಇಂಥ ಮನೆ ಕಟ್ಟಿದವರು ನೀರನ್ನು ಪೂರ್ತಿ ತಡೆಯಲು ಹೋಗಲೇ ಇಲ್ಲ. ಮಳೆಗಾಲದ ನಾಲ್ಕು ತಿಂಗಳು ಗೋಡೆ ಥಂಡಿ ಹೀರುತ್ತದೆ. ಒಲೆಯ ಬಿಸಿ, ಹೆಂಚಿನ ಸಂದಿನ ಗಾಳಿ, ಆಮೇಲೆ ಬರುವ ಬಿಸಿಲು ಸೇರಿ ಅದನ್ನು ಒಣಗಿಸುತ್ತವೆ. ರಿಪೇರಿಯ ಹೆಸರಲ್ಲಿ ಈ ಒಣಗುವ ದಾರಿಗೆ ಸಿಮೆಂಟು, ಪ್ಲಾಸ್ಟಿಕ್, ಆಯಿಲ್ ಪೇಂಟು ಬಡಿದರೆ ಕೆಲವೇ ವರ್ಷದಲ್ಲಿ ಗೋಡೆಯ ಬುಡ ಮೆತ್ತಗಾಗುತ್ತದೆ. ಹಾಗಾಗಿ ಯಾವ ಕೆಲಸಕ್ಕೆ ಕೈ ಹಾಕುವಾಗಲೂ ಮೊದಲು ಕೇಳಿಕೊಳ್ಳಬೇಕಾದ್ದು ಇದು: ಇಲ್ಲಿ ಹೊಕ್ಕ ನೀರು ಎಲ್ಲಿಂದ ಆಚೆ ಹೋಗುತ್ತದೆ?

ಮಳೆಯಲ್ಲಿ ನೋಡಿ, ಬೇಸಿಗೆಯಲ್ಲಿ ಮುಟ್ಟಿ

ಮನೆ ನೋಡಲು ಎಲ್ಲರೂ ಬರುವುದು ಬೇಸಿಗೆ ರಜೆಯಲ್ಲಿ. ಆಗ ಯಾವ ಮನೆಯೂ ಚೆನ್ನಾಗಿಯೇ ಕಾಣುತ್ತದೆ. ಆರಿದ್ರಾ ಮಳೆ ಹಿಡಿದಾಗ, ಅಂದರೆ ಜೂನ್ ಕೊನೆಯಿಂದ ಜುಲೈವರೆಗೆ, ಒಂದು ದಿನ ಟಾರ್ಚು ಮತ್ತು ಇದ್ದಿಲು ಹಿಡಿದು ಅಟ್ಟ ಹತ್ತಿ. ನೀರು ಇಳಿಯುವ ಪ್ರತಿ ಪಕಾಸಿಗೂ (ನೆತ್ತಿಯಿಂದ ಸೂರಿಗೆ ಇಳಿಯುವ ಮರ) ಇದ್ದಿಲಿನ ಗೆರೆ ಎಳೆಯಿರಿ. ಸೋರುವ ಜಾಗಕ್ಕೂ ತೊಟ್ಟಿಕ್ಕುವ ಜಾಗಕ್ಕೂ ಎರಡು ಮೂರು ಅಡಿ ವ್ಯತ್ಯಾಸ ಇರುತ್ತದೆ. ನೀರು ಪಕಾಸಿಯ ಮೈ ಹಿಡಿದು ಇಳಿದು ಎಲ್ಲೋ ಬೀಳುತ್ತದೆ. ಕೆಳಗೆ ನಿಂತು ಗುರುತು ಹಾಕಿದರೆ ತಪ್ಪು ಹೆಂಚನ್ನು ಬದಲಾಯಿಸುತ್ತೀರಿ.

ಅದೇ ದಿನ ಮನೆಯ ಹಿಂದೆ ಹೋಗಿ ನಿಲ್ಲಿ. ಧರೆಯಿಂದ, ಅಂದರೆ ಗುಡ್ಡ ಕಡಿದಾಗ ಉಳಿದ ಮಣ್ಣಿನ ಗೋಡೆಯಿಂದ, ಒರತೆ ಬರುತ್ತಿದೆಯೇ, ಆ ನೀರು ಗೋಡೆಯ ಬುಡಕ್ಕೆ ತಾಗಿ ಹರಿಯುತ್ತಿದೆಯೇ, ಸೂರಿನ ನೀರು ನೆಲಕ್ಕೆ ಬಡಿದು ಎಷ್ಟು ಎತ್ತರಕ್ಕೆ ಸಿಡಿಯುತ್ತಿದೆ ಎಂದು ನೋಡಿ. ಗೋಡೆಯ ಮೇಲಿನ ಕೆಂಪು ರಾಡಿಯ ಗೆರೆಯೇ ಎತ್ತರ ಹೇಳುತ್ತದೆ. ಸಾಮಾನ್ಯವಾಗಿ ಒಂದೂವರೆಯಿಂದ ಎರಡು ಅಡಿ.

ಕೆಲಸದ ಕಾಲ ಫೆಬ್ರವರಿಯಿಂದ ಮೇ ನಡುವಿನವರೆಗೆ. ಅದಕ್ಕೂ ಮೊದಲು ಅಡಿಕೆ ಕೊಯ್ಲು, ಸುಲಿತ ಇರುವುದರಿಂದ ಆಳು ಸಿಗುವುದು ಕಷ್ಟ. ಭರಣಿ ಮಳೆ ಏಪ್ರಿಲ್ ಕೊನೆಗೆ ಗುಡುಗು ಸಮೇತ ಒಂದೆರಡು ದಿನ ಬಂದು ಹೋಗುತ್ತದೆ. ಮಾಡು ಬಿಚ್ಚಿಟ್ಟ ಮನೆಯ ಮಣ್ಣಿನ ಗೋಡೆ ನೆತ್ತಿಯಿಂದ ಕರಗಲು ಅಂಥ ಒಂದೇ ಮಳೆ ಸಾಕು. ಮಾಡಿನ ಕೆಲಸವನ್ನು ಮಾರ್ಚ್‌ನಲ್ಲಿ ಮುಗಿಸಿ, ಗೋಡೆ ಮತ್ತು ನೆಲವನ್ನು ಅದರ ನೆರಳಿನಲ್ಲಿ ಮಾಡಿಕೊಳ್ಳಿ. ರೋಹಿಣಿ ಮಳೆಗೆ, ಅಂದರೆ ಮೇ ಕೊನೆಗೆ, ಇನ್ನೂ ಹೆಂಚು ಅಂಗಳದಲ್ಲಿದ್ದರೆ ಆ ವರ್ಷದ ಕೆಲಸ ಕೆಟ್ಟಿತೆಂದೇ ಲೆಕ್ಕ. ಆಗುಂಬೆಯ ಸುತ್ತ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ. ಶಿಕಾರಿಪುರದ ಕಡೆಯವರಿಗೆ ಒಂದೆರಡು ವಾರ ಹೆಚ್ಚು ಕಡಿಮೆಯಾದರೆ ನಡೆದೀತು, ಇಲ್ಲಿ ನಡೆಯುವುದಿಲ್ಲ.

ಕಾಗದಪತ್ರದ ಮಾತು ಚಿಕ್ಕದು. ಮನೆ ಗ್ರಾಮಠಾಣಾದಲ್ಲಿದೆಯೇ (ಊರಿನ ವಾಸದ ಜಾಗ), ಪಂಚಾಯಿತಿಯ ಆಸ್ತಿ ದಾಖಲೆಯಾದ ಇ-ಸ್ವತ್ತಿನಲ್ಲಿ ನಮೂನೆ 9 ಮತ್ತು 11 ಬಂದಿವೆಯೇ ಎಂದು ಪಂಚಾಯಿತಿಯಲ್ಲಿ ನೋಡಿಕೊಂಡ ಮೇಲೆಯೇ ದುಡ್ಡು ಹಾಕಿ. ಬೇರೆ ಊರಿನ ಹಳೇ ಮನೆಯ ತೊಲೆ, ಬಾಗಿಲು ಕೊಂಡು ತರುವುದಿದ್ದರೆ ಲಾರಿಗೆ ಹೇರುವ ಮೊದಲು ವಲಯ ಅರಣ್ಯಾಧಿಕಾರಿಗಳ ಕಚೇರಿಯಲ್ಲಿ ರಹದಾರಿ ವಿಚಾರಿಸಿ. ತೇಗ, ಬೀಟೆಯಾದರೆ ಮರೆಯಲೇಬೇಡಿ.

ಧರೆ ಮತ್ತು ಚರಂಡಿ

ಗುಡ್ಡ ಕಡಿದು ಮಟ್ಟ ಮಾಡಿದ ಜಾಗದಲ್ಲಿ ಮನೆ ಇದ್ದರೆ ಹಿಂದಿನ ಧರೆಯೇ ಮೊದಲ ಕೆಲಸ. ಗೋಡೆಗೂ ಧರೆಗೂ ಕನಿಷ್ಠ ಐದು ಅಡಿ ಇರಬೇಕು. ಇಲ್ಲದಿದ್ದರೆ ಜಾಗ ಮಾಡಲು ಧರೆಯನ್ನು ನೆಟ್ಟಗೆ ಕಡಿಯಬೇಡಿ. ಮೆಟ್ಟಿಲು ಮೆಟ್ಟಿಲಾಗಿ, ನಾಲ್ಕಡಿ ಎತ್ತರಕ್ಕೆ ಎರಡಡಿ ಹಿಂದೆ ಸರಿಯುವಂತೆ ಕಡಿಯಬೇಕು. ಜೆಸಿಬಿ ಅರ್ಧ ದಿನದಲ್ಲಿ ನೆಟ್ಟಗೆ ಕೆರೆದುಕೊಟ್ಟ ಧರೆ ಮೊದಲ ಮಳೆಗಾಲದಲ್ಲೇ ಅಡುಗೆಮನೆಯ ಗೋಡೆಯ ಮೇಲೆ ಬಂದು ಮಲಗುತ್ತದೆ. ಧರೆ ಆಳೆತ್ತರಕ್ಕಿಂತ ಹೆಚ್ಚಿದ್ದು, ಮೇಲೆ ಬಿರುಕು ಬಿಟ್ಟಿದ್ದರೆ ಎಂಜಿನಿಯರ್ ನೋಡದೆ ಮುಂದುವರಿಯುವುದು ಬೇಡ.

ಧರೆಯ ನೆತ್ತಿಯಿಂದ ನಾಲ್ಕೈದು ಅಡಿ ಹಿಂದೆ ಒಂದು ಕಾಲುವೆ, ಬುಡದಲ್ಲಿ ಇನ್ನೊಂದು. ಬುಡದ ಚರಂಡಿ ಒಂದೂವರೆ ಅಡಿ ಅಗಲ, ಒಂದಡಿ ಆಳ, ಹತ್ತು ಅಡಿಗೆ ಒಂದಿಂಚಾದರೂ ಇಳಿಜಾರು. ಇದರ ತಳ ಮನೆಯ ಒಳನೆಲಕ್ಕಿಂತ ಒಂದಡಿಯಾದರೂ ಕೆಳಗಿರಬೇಕು. ಎಷ್ಟೋ ಮನೆಗಳಲ್ಲಿ ವರ್ಷ ವರ್ಷ ಧರೆಯ ಮಣ್ಣು ಜಾರಿ ತುಂಬಿಕೊಂಡು ಹಿತ್ತಲೇ ಒಳನೆಲಕ್ಕಿಂತ ಎತ್ತರವಾಗಿರುತ್ತದೆ. ಥಂಡಿ ಗೋಡೆಗೆ ಇದ್ದಬದ್ದ ರಾಸಾಯನಿಕ ಬಳಿಯುವ ಮೊದಲು ಆ ಮಣ್ಣು ತೆಗೆಸಿ. ಅರ್ಧ ಥಂಡಿ ಅಲ್ಲಿಗೇ ಇಳಿಯುತ್ತದೆ.

ಸೂರಿನ ನೀರು ಬೀಳುವ ಗೆರೆಯುದ್ದಕ್ಕೂ ಒಂದಡಿ ಅಗಲ, ಒಂಬತ್ತಿಂಚು ಆಳದ ಗುಂಡಿ ತೋಡಿ 40 ಮಿಲಿಮೀಟರ್ ಜಲ್ಲಿ ತುಂಬಿ. ಬಿದ್ದ ಹನಿ ಜಲ್ಲಿಯೊಳಗೆ ಒಡೆದು ಹೋಗುತ್ತದೆ, ಸಿಡಿಯುವುದಿಲ್ಲ. ಮನೆಯ ಸುತ್ತ ಸಿಮೆಂಟ್ ಪಟ್ಟಿ ಹಾಕುವ ಚಾಳಿ ಈಗ ಹೆಚ್ಚಾಗಿದೆ. ಅದು ಮಣ್ಣಿನ ಗೋಡೆಗೆ ಎರಡು ರೀತಿಯಲ್ಲಿ ಪೆಟ್ಟು. ಗಟ್ಟಿ ನೆಲಕ್ಕೆ ಬಿದ್ದ ನೀರು ಮೊದಲಿಗಿಂತ ಜೋರಾಗಿ ಗೋಡೆಗೆ ರಾಚುತ್ತದೆ. ನೆಲದಡಿಯ ಥಂಡಿಗೆ ಬೇರೆ ದಾರಿ ಇಲ್ಲದೆ ಗೋಡೆಯನ್ನೇ ಹತ್ತುತ್ತದೆ.

ಗೋಡೆ

ತೂಗುಗುಂಡು ಇಳಿಬಿಟ್ಟು ನಾಲ್ಕೂ ಗೋಡೆ ನೋಡಿ. ಎಂಟಡಿ ಎತ್ತರಕ್ಕೆ ಎರಡಿಂಚಿಗಿಂತ ಹೆಚ್ಚು ವಾಲಿದ್ದರೆ ಅದು ಮೇಸ್ತ್ರಿಯ ಕೆಲಸವಲ್ಲ, ಎಂಜಿನಿಯರಿಗೆ ತೋರಿಸಿ. ವಾಲುವುದಕ್ಕೆ ಬಹುಪಾಲು ಕಾರಣ ಮಾಡು: ಎದುರುಬದುರು ಗೋಡೆಗಳನ್ನು ಹಿಡಿದಿಟ್ಟಿದ್ದ ಅಡ್ಡ ತೊಲೆಯನ್ನು ಯಾರೋ ಎಂದೋ ಕೊಯ್ದಿರುತ್ತಾರೆ, ಇಲ್ಲವೇ ಅದರ ತುದಿ ಗೋಡೆಯೊಳಗೇ ಕೊಳೆತಿರುತ್ತದೆ. ಆಗ ಪಕಾಸಿಗಳು ಗೋಡೆಯನ್ನು ಹೊರಕ್ಕೆ ದೂಡುತ್ತವೆ. ಬಿರುಕಿದ್ದರೆ ಅಡ್ಡಲಾಗಿ ಗಾಜಿನ ತುಂಡನ್ನು ಗಾರೆಯಿಂದ ಅಂಟಿಸಿ ತಾರೀಕು ಬರೆದಿಡಿ. ಮಳೆಗಾಲ ಕಳೆದ ಮೇಲೂ ಗಾಜು ಒಡೆಯದಿದ್ದರೆ ಅದು ಹಳೇ ಬಿರುಕು, ತುಂಬಿಸಿದರೆ ಮುಗಿಯಿತು.

ಬುಡ ಕೊರೆದುಹೋದ ಕಡೆ ಮೂರು ಮೂರು ಅಡಿಯ ತುಂಡಾಗಿ ಕೆಲಸ ಮಾಡಬೇಕು. ಒಂದು ತುಂಡಿನಲ್ಲಿ ಸಡಿಲ ಮಣ್ಣನ್ನೆಲ್ಲ ಒಂಬತ್ತಿಂಚು ಒಳಗಿನವರೆಗೆ, ಅಂದರೆ ಗೋಡೆಯ ಅರ್ಧ ದಪ್ಪದವರೆಗೆ, ಕೆತ್ತಿ ತೆಗೆದು ಜಂಬಿಟ್ಟಿಗೆ ಕೂರಿಸಿ. ಗಾರೆ ಒಂದು ಪಾಲು ಸುಣ್ಣ, ಮೂರು ಪಾಲು ಮರಳು. ಮೇಲಿನ ವರಸೆಗೂ ಹಳೇ ಗೋಡೆಗೂ ನಡುವಿನ ಸಂದಿಗೆ ಕಲ್ಲಿನ ಚಕ್ಕೆ ಬಿಗಿಯಾಗಿ ಹೊಡೆದು ಗಾರೆ ತುಂಬಬೇಕು. ಅಲ್ಲಿ ಅರ್ಧ ಇಂಚು ಪೊಳ್ಳು ಬಿಟ್ಟರೂ ಮೇಲಿನ ಗೋಡೆ ಅಷ್ಟು ಕೂತು ಬಿರುಕು ಬಿಡುತ್ತದೆ. ಪಕ್ಕದ ಮೂರಡಿ ಬಿಟ್ಟು ಅದರಾಚೆಯದನ್ನು ಮಾಡಿ. ಬಿಟ್ಟದ್ದಕ್ಕೆ ವಾರ ಕಳೆದ ಮೇಲೆ ಬನ್ನಿ. ಒಂದೇ ದಿನ ಉದ್ದಕ್ಕೂ ಬುಡ ಕೆತ್ತುವ ಮೇಸ್ತ್ರಿ ಸಿಕ್ಕರೆ ಚಹಾ ಕೊಟ್ಟು ಕಳಿಸಿ.

ಗಿಲಾವಿಗೆ ಸಿಮೆಂಟ್ ಬೇಡ. ಮಣ್ಣಿನ ಗೋಡೆ ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಸಿಮೆಂಟ್ ಗಿಲಾವು ಅಲ್ಲಾಡುವುದಿಲ್ಲ. ಎರಡರ ನಡುವೆ ಪೊಳ್ಳು ಬೀಳುತ್ತದೆ, ಆ ಪೊಳ್ಳಿನಲ್ಲಿ ನೀರು ನಿಲ್ಲುತ್ತದೆ. ಹೊರಗಿನಿಂದ ಗೋಡೆ ಹೊಸದರಂತೆ ಕಾಣುತ್ತಿರುತ್ತದೆ. ಬೆರಳ ಗೆಣ್ಣಿನಿಂದ ಬಡಿದರೆ ಡಬಡಬ ಎನ್ನುತ್ತದೆ, ಕೊನೆಗೊಂದು ದಿನ ಚಾಪೆಯ ಹಾಗೆ ಹಾಳೆ ಹಾಳೆಯಾಗಿ ಬಿಚ್ಚಿಕೊಳ್ಳುತ್ತದೆ. ಒಳಗಿನ ಮಣ್ಣು ಅಷ್ಟರಲ್ಲಿ ಅಂಬಲಿಯಾಗಿರುತ್ತದೆ. ಹಿಂದೆ ಯಾರಾದರೂ ಬಳಿದಿದ್ದರೆ ಪೊಳ್ಳಾದ ಕಡೆ ಉಳಿಯಿಂದ ಎಬ್ಬಿಸಿ ತೆಗೆಯಿರಿ, ಬಿಗಿಯಾಗಿ ಹಿಡಿದಿರುವುದನ್ನು ಬಡಿದು ಗೋಡೆ ಕೆಡಿಸಬೇಡಿ.

ಕಲಸುವುದಕ್ಕೆ ಮನೆಯದೇ ಉದುರಿದ ಮಣ್ಣು ಎಲ್ಲಕ್ಕಿಂತ ಒಳ್ಳೆಯದು, ಗೋಡೆಗೆ ಅದರ ಗುರುತಿದೆ. ಸಾಲದಿದ್ದರೆ ಮೇಲಿನ ಎರಡಡಿ ಕಪ್ಪುಮಣ್ಣು ಬಿಟ್ಟು ಅದರಡಿಯದನ್ನು ತೆಗೆಯಿರಿ. ಒಳಗಿನದು ಕಾಣುವ ಬಾಟಲಿಗೆ ಮೂರನೇ ಒಂದು ಪಾಲು ಮಣ್ಣು, ಉಳಿದದ್ದು ನೀರು ಹಾಕಿ ಕುಲುಕಿ ಒಂದು ರಾತ್ರಿ ಇಡಿ. ತಳದಲ್ಲಿ ಮರಳು, ಮೇಲೆ ನುಣುಪು ಜೇಡಿ ಪದರಾಗಿ ಕೂರುತ್ತದೆ. ಜೇಡಿ ಕಾಲು ಪಾಲಿನಷ್ಟಿದ್ದರೆ ಹಾಗೇ ಬಳಸಬಹುದು, ಹೆಚ್ಚಿದ್ದರೆ ಮರಳು ಬೆರೆಸಬೇಕು. ಶುರುವಿಗೆ ಒಂದು ಮಣ್ಣು, ಎರಡು ಮರಳು, ಜೊತೆಗೆ ಒಂದಿಂಚಿಗೆ ಕತ್ತರಿಸಿದ ಬೈಹುಲ್ಲು ಅಥವಾ ಭತ್ತದ ಹೊಟ್ಟು ಅರ್ಧ ಪಾಲು. ನೀರು ಹಾಕಿ ತುಳಿದು ಒಂದು ವಾರ ಕೊಳೆಯಲು ಬಿಡಿ, ದಿನಕ್ಕೊಮ್ಮೆ ತಿರುವಿ. ಹುಲ್ಲು ಕೊಳೆತ ವಾಸನೆ ಬಂದು ಮಣ್ಣು ಬೆಣ್ಣೆಯ ಹಾಗೆ ಕರಣೆಗೆ ಅಂಟತೊಡಗಿದರೆ ಹದ ಬಂದಂತೆ.

ಪೂರ್ತಿ ಬಳಿಯುವ ಮೊದಲು ಒಂದಡಿ ಚೌಕದ ನಾಲ್ಕು ತೇಪೆ ಬೇರೆ ಬೇರೆ ಪಾಲಿನಲ್ಲಿ ಹಾಕಿ ಐದು ದಿನ ನೋಡಿ. ಬಿರುಕು ಬಿಟ್ಟರೆ ಮರಳು ಸಾಲದು. ಕೈ ಸವರಿದರೆ ಪುಡಿ ಉದುರಿದರೆ ಮರಳು ಜಾಸ್ತಿ. ಮೊದಲ ಪದರ ಅರ್ಧ ಇಂಚು, ಅದು ಒಣಗಿದ ಮೇಲೆ ಎರಡನೆಯದು ಕಾಲಿಂಚು. ಬಳಿಯುವ ಮುನ್ನ ಗೋಡೆಗೆ ನೀರು ಚಿಮುಕಿಸುವುದನ್ನು ಮರೆತರೆ ಒಣಗೋಡೆ ಗಿಲಾವಿನ ನೀರನ್ನು ಹೀರಿಕೊಂಡು ಕೈಬಿಡುತ್ತದೆ. ನೂರು ಚದರ ಅಡಿ ಗೋಡೆಗೆ ಎರಡೂ ಪದರ ಸೇರಿ ಆರೂಕಾಲು ಘನ ಅಡಿ ಕಲಸು ಬೇಕು. ಒಣ ಸಾಮಾನು ಒಂಬತ್ತು ಘನ ಅಡಿಯಷ್ಟು ಎತ್ತಿಡಿ.

ಮೇಲಿನ ಕೋಟು ಸುಣ್ಣ. ಸುಟ್ಟ ಸುಣ್ಣವನ್ನು ಅರಳಿಸುವಾಗ ನೀರಿಗೆ ಸುಣ್ಣ ಹಾಕಬೇಕೇ ಹೊರತು ಸುಣ್ಣಕ್ಕೆ ನೀರು ಸುರಿಯಬಾರದು. ಸಿಡಿದರೆ ಕಣ್ಣು ಹೋಗುತ್ತದೆ. ಕಬ್ಬಿಣದ ಡ್ರಮ್ಮೇ ಆಗಬೇಕು, ಕುದಿಯುವ ಸುಣ್ಣಕ್ಕೆ ಪ್ಲಾಸ್ಟಿಕ್ ನಿಲ್ಲುವುದಿಲ್ಲ. ಅರಳಿದ್ದನ್ನು ಸೋಸಿ, ಮೇಲೆ ಎರಡಿಂಚು ನೀರು ನಿಲ್ಲಿಸಿ ಮೂರು ವಾರವಾದರೂ ಇಡಿ. ಬಳಿಯುವಾಗ ಮಜ್ಜಿಗೆಗಿಂತ ತೆಳ್ಳಗಿರಲಿ. ಒಂದು ದಪ್ಪ ಕೋಟಿಗಿಂತ ಐದು ತೆಳು ಕೋಟು ಬಾಳುತ್ತದೆ.

ಹೊಸ ಕಿಟಕಿ ಬೇಕೆನಿಸುವುದು ಸಹಜ, ಈ ಮನೆಗಳೊಳಗೆ ಹಗಲಲ್ಲೂ ಕತ್ತಲೆ. ಮೂಲೆಯಿಂದ ಮೂರಡಿ ದೂರ, ಅಗಲ ಮೂರಡಿಯೊಳಗೆ ಇರಲಿ. ಮೊದಲು ಲಿಂಟೆಲ್, ಆಮೇಲೆ ಕಂಡಿ. ಹೊರಗಿನಿಂದ ಗೋಡೆಯ ಅರ್ಧ ದಪ್ಪಕ್ಕೆ ಅಡ್ಡ ತೋಡು ಕೊರೆದು, ಎರಡೂ ಕಡೆ ಒಂದೊಂದಡಿ ಗೋಡೆಯ ಮೇಲೆ ಕೂರುವಂತೆ, ಅಂದರೆ ಮೂರಡಿ ಕಿಟಕಿಗೆ ಐದಡಿಯ, ಕಲ್ಲು ಅಥವಾ ಗಟ್ಟಿಮರದ ಲಿಂಟೆಲ್ ಇಟ್ಟು ಬಿಗಿ ಮಾಡಿ. ನಾಲ್ಕು ದಿನ ಬಿಟ್ಟು ಒಳಗಿನಿಂದ ಇನ್ನರ್ಧಕ್ಕೆ ಅದೇ ಕೆಲಸ. ಎರಡೂ ಕೂತ ಮೇಲೆ ಕೆಳಗಿನ ಮಣ್ಣು ಕಡಿಯಿರಿ. ನಡುಮನೆಗೂ ಅಡುಗೆಮನೆಗೂ ನಡುವಿನ ಅಡ್ಡಗೋಡೆಯನ್ನು ‘ಹಾಲ್ ದೊಡ್ಡದಾಗಲಿ’ ಎಂದು ತೆಗೆಯುವ ಯೋಚನೆಯನ್ನೇ ಬಿಡಿ. ಉದ್ದ ಗೋಡೆಗಳೆರಡೂ ನಿಂತಿರುವುದು ಅದರ ಹಿಡಿತದಲ್ಲಿ.

ಮಾಡು

ಖರ್ಚಿನ ದೊಡ್ಡ ಪಾಲು ಇಲ್ಲಿಯೇ. ಎಲ್ಲ ಕಡೆ ಎರಡೂವರೆ ಅಡಿ ಸೂರು ಚಾಚಿದರೆ ನಮ್ಮ ಮನೆಯ ಮಾಡಿನ ನೆಲ ಅಳತೆ 25ಕ್ಕೆ 33 ಅಡಿ. ಇಳಿಜಾರು 30 ಡಿಗ್ರಿ, ಅಂದರೆ ಒಂದಡಿ ಒಳಕ್ಕೆ ಏಳಿಂಚು ಮೇಲಕ್ಕೆ. ಆಗ ಹೆಂಚು ಹೊದಿಸುವ ಮೈ ಸುಮಾರು 950 ಚದರ ಅಡಿ, ಒಂದು ಚದರಕ್ಕೆ ನೂರು ಚದರ ಅಡಿಯಂತೆ ಒಂಬತ್ತೂವರೆ ಚದರ. ಮಂಗಳೂರು ಹೆಂಚು ಚದರಕ್ಕೆ 140 ಹಿಡಿದರೆ 1,330. ಒಡಕಿಗೆ ಹತ್ತನೇ ಒಂದು ಪಾಲು ಸೇರಿಸಿ 1,460. ನೆತ್ತಿ ಹೆಂಚು ಮೂವತ್ತು ಚಿಲ್ಲರೆ. ಹೆಂಚೊಂದಕ್ಕೆ ಎರಡೂವರೆ ಕಿಲೋ ಎಂದರೂ ಒಣಗಿದಾಗ ಮೂರೂಕಾಲು ಟನ್. ಮಳೆಯಲ್ಲಿ ನೆಂದಾಗ ಮೇಲೆ ಅರ್ಧ ಟನ್. ಪಕಾಸಿ ಬಾಗುವುದು ಜುಲೈಯಲ್ಲಿ, ಅದಕ್ಕೆ ಕಾರಣ ಈ ಅರ್ಧ ಟನ್.

ಹೆಂಚು ಬಿಚ್ಚುವಾಗ ನೆತ್ತಿಯಿಂದ ಕೆಳಕ್ಕೆ, ಎರಡೂ ಮಾಡನ್ನು ಸಮಸಮವಾಗಿ ಬಿಚ್ಚುತ್ತ ಬನ್ನಿ. ಒಂದು ಕಡೆ ಪೂರ್ತಿ ಖಾಲಿ ಮಾಡಿ ಇನ್ನೊಂದು ಕಡೆ ಭಾರ ಬಿಟ್ಟರೆ ಹಳೇ ಚೌಕಟ್ಟು ಆ ಕಡೆಗೆ ವಾಲುತ್ತದೆ. ಕೆಳಗಿಳಿಸಿದ್ದನ್ನು ನೆಟ್ಟಗೆ ನಿಲ್ಲಿಸಿ ಸಾಲಾಗಿ ಒರಗಿಸಿ. ಅಡ್ಡ ಮಲಗಿಸಿ ಪೇರಿಸಿದರೆ ಅಡಿಯವು ಒಡೆಯುತ್ತವೆ. ಪಾಚಿಯನ್ನು ತೆಂಗಿನ ನಾರಿನ ಬ್ರಷ್ಷಿನಲ್ಲಿ ಉಜ್ಜಿ ತೊಳೆದು ಒಂದೊಂದನ್ನೇ ಬೆರಳಲ್ಲಿ ತಟ್ಟಿ ನೋಡಿ. ಟಣ್ ಎಂದರೆ ಇನ್ನೂ ಒಂದು ತಲೆಮಾರು ಬಾಳುತ್ತದೆ. ಬೊದ್ ಎಂದರೆ ಕೂದಲೆಳೆ ಬಿರುಕು ಇದೆ, ಕೊಟ್ಟಿಗೆಗೆ ಸಾಕು.

ಹೆಂಚಿನ ಬೆನ್ನು ತಿರುಗಿಸಿದರೆ ಕಾರ್ಖಾನೆಯ ಅಚ್ಚು ಕಾಣುತ್ತದೆ. ಮಂಗಳೂರಿನಲ್ಲಿ ಬಾಸೆಲ್ ಮಿಷನ್‌ನವರು 1865ರಲ್ಲಿ ಶುರು ಮಾಡಿದ ಕಾರ್ಖಾನೆಯ ನಂತರ ಅನೇಕ ಕಾರ್ಖಾನೆಗಳು ಬಂದವು. ನೋಡಲು ಎಲ್ಲವೂ ಒಂದೇ ಥರ. ತೋಡು ಮತ್ತು ಏಣಿನ ಅಳತೆ ಮಾತ್ರ ಕೂದಲು ಕೂದಲು ಬೇರೆ. ಒಂದು ಕಾರ್ಖಾನೆಯ ಹೆಂಚಿನ ಪಕ್ಕ ಇನ್ನೊಂದರದ್ದು ಕೂರಿಸಿದರೆ ಸಂದಿ ಬಾಯಿ ಬಿಡುತ್ತದೆ, ಗಾಳಿಮಳೆಗೆ ನೀರು ಒಳಗೆ ತೂರುತ್ತದೆ. ‘ಹೊಸ ಹೆಂಚು ಹಾಕಿಸಿದ ಮೇಲೆಯೇ ಸೋರಲು ಶುರುವಾಯಿತು’ ಎನ್ನುವವರ ಮನೆಯಲ್ಲಿ ಬಹಳ ಸಲ ನಡೆದಿರುವುದು ಇದೇ. ಅಚ್ಚು ನೋಡಿ ಬೇರೆ ಬೇರೆ ಮಾಡಿ, ಒಂದು ಮಾಡಿಗೆ ಒಂದೇ ಅಚ್ಚು ಬರುವ ಹಾಗೆ ಹಂಚಿಕೊಳ್ಳಿ. ಹೊಸದು ಕೊಳ್ಳುವಾಗ ಹಳೆಯದೊಂದನ್ನು ಚೀಲದಲ್ಲಿ ಹಾಕಿಕೊಂಡು ಹೋಗಿ, ಅಲ್ಲೇ ಜೋಡಿಸಿ ನೋಡಿ.

ಮರವನ್ನು ಸ್ಕ್ರೂಡ್ರೈವರಿನಲ್ಲಿ ಚುಚ್ಚಿ ಪರೀಕ್ಷಿಸಿ. ಅರ್ಧ ಇಂಚಿಗಿಂತ ಹೆಚ್ಚು ಸಲೀಸಾಗಿ ಇಳಿದರೆ ಆ ಭಾಗ ಹೋಯಿತು. ಕೊಳೆಯುವ ಜಾಗಗಳು ಗೊತ್ತಿರುವಂಥವೇ: ಪಕಾಸಿಯ ಸೂರಿನ ತುದಿ, ಗೋಡೆಯ ಮೇಲೆ ಕೂರುವ ಜಾಗ, ತೊಲೆ ಗೋಡೆಯೊಳಗೆ ಹೂತ ತುದಿ. ತುದಿ ಮಾತ್ರ ಹೋಗಿದ್ದರೆ ಪೂರ್ತಿ ಪಕಾಸಿ ಬದಲಾಯಿಸಬೇಕಿಲ್ಲ. ಗಟ್ಟಿ ಮರ ಸಿಗುವವರೆಗೆ ಕೊಯ್ದು, ಅದೇ ದಪ್ಪದ ತುಂಡನ್ನು ಪಕ್ಕಕ್ಕೆ ಮೂರಡಿ ಒತ್ತು ಕೊಟ್ಟು ಮೂರು ಬೋಲ್ಟ್ ಬಿಗಿಯಿರಿ. ಮೊಳೆ ಸಾಲದು. ಮತ್ತಿ, ನಂದಿ, ಜಂಬೆಯಂಥ ಹಳೇ ಮರಕ್ಕೆ ಮೊದಲು ತೂತು ಕೊರೆಯದೆ ಮೊಳೆ ಹೊಡೆದರೆ ಮೊಳೆ ಬಾಗುತ್ತದೆ ಅಥವಾ ಮರ ಸೀಳುತ್ತದೆ.

ಹೊಸ ಪಕಾಸಿಯಾದರೆ 2ಕ್ಕೆ 4 ಇಂಚಿನದು, ಒಂದೂವರೆ ಅಡಿಗೊಂದು. ಮಾಡೊಂದಕ್ಕೆ 23, ಎರಡಕ್ಕೆ 46, ಉದ್ದ ಹದಿನಾಲ್ಕೂವರೆ ಅಡಿ. ಗೋಡೆಯಿಂದ ನೆತ್ತಿಗೆ ಹನ್ನೊಂದೂವರೆ ಅಡಿ ಬರುವುದರಿಂದ ನಡುವೆ ಒಂದು ಅಡ್ಡ ತೊಲೆಯ ಆಸರೆ ಬೇಕೇ ಬೇಕು. ಪಕಾಸಿಯ ಮೇಲೆ ಅಡ್ಡಲಾಗಿ ಹೊಡೆಯುವ, ಹೆಂಚು ಕೂರುವ ರೀಪು 2ಕ್ಕೆ 1, ಒಟ್ಟು ಸಾವಿರ ಅಡಿಯ ಹತ್ತಿರ. ರೀಪಿನ ಅಂತರ ಹದಿಮೂರಿಂಚು ಎಂದು ಕಣ್ಣುಮುಚ್ಚಿ ಹೊಡೆಸಬೇಡಿ. ಆರು ಹೆಂಚನ್ನು ನೆಲದ ಮೇಲೆ ಉದ್ದಕ್ಕೆ ಜೋಡಿಸಿ, ಒಮ್ಮೆ ಪೂರ್ತಿ ಒತ್ತಿ, ಒಮ್ಮೆ ಪೂರ್ತಿ ಎಳೆದು, ಮೊದಲ ಹೆಂಚಿನ ಮೂಗಿನಿಂದ ಆರನೆಯದರ ಮೂಗಿಗೆ ಅಳೆಯಿರಿ. ಎರಡರ ಸರಾಸರಿಯನ್ನು ಐದರಿಂದ ಭಾಗಿಸಿದರೆ ನಿಮ್ಮ ಹೆಂಚಿನ ಅಂತರ ಸಿಕ್ಕಿತು. ಸೂರಿನ ಮೊದಲ ರೀಪು ಉಳಿದವಕ್ಕಿಂತ ಒಂದು ಹೆಂಚಿನ ದಪ್ಪ ಎತ್ತರ ಇರಬೇಕು, ಇಲ್ಲದಿದ್ದರೆ ಕೊನೆಯ ಸಾಲು ಮೂತಿ ಇಳಿಬಿಟ್ಟು ಕೂರುತ್ತದೆ. ಸೂರಿನ ಎರಡು ಸಾಲು, ಅಂಚಿನ ಒಂದೊಂದು ಸಾಲನ್ನು ಬೆನ್ನಿನ ತೂತಿನಿಂದ ಜಿಐ ತಂತಿ ತೂರಿಸಿ ರೀಪಿಗೆ ಕಟ್ಟಿ. ನೆತ್ತಿಗೆ ಒಂದು ಸಿಮೆಂಟ್, ಒಂದು ಸುಣ್ಣ, ಆರು ಮರಳು. ಬರೀ ಸಿಮೆಂಟ್ ಗಾರೆ ಒಂದೇ ಬೇಸಿಗೆಗೆ ಬಿರುಕು ಬಿಡುತ್ತದೆ.

ಹೆಂಚಿನಡಿ ಟಾರ್ಪಾಲು ಹಾಸುವುದು ಸುಲಭದ ಉಪಾಯವಾಗಿ ಕಾಣುತ್ತದೆ. ರೀಪಿಗೆ ಅಂಟಿಕೊಂಡ ಹಾಳೆಯ ಮೇಲೆ ನೀರು ನಿಂತು ಮೂರ್ನಾಲ್ಕು ವರ್ಷದಲ್ಲಿ ರೀಪನ್ನೇ ತಿನ್ನುತ್ತದೆ. ಹಾಸಲೇಬೇಕೆಂದರೆ ಪಕಾಸಿಯ ಮೇಲೆ ಹಾಳೆ, ಅದರ ಮೇಲೆ ಪಕಾಸಿಯುದ್ದಕ್ಕೂ ಒಂದಿಂಚಿನ ಪಟ್ಟಿ, ಆ ಪಟ್ಟಿಯ ಮೇಲೆ ರೀಪು, ಹೀಗಿರಬೇಕು. ಆಗ ಸೋರಿದ ನೀರು ಹಾಳೆಯ ಮೇಲೆ ಹರಿದು ಸೂರಿಗೆ ಬರುತ್ತದೆ. ಮಂಗನ ಕಾಟಕ್ಕೆ ಹೆಂಚಿನ ಮೇಲೆ ತಗಡು ಹೊದಿಸುವವರೂ ಇದ್ದಾರೆ. ಹಾಗೆ ಮಾಡುವುದಾದರೆ ಬೇರೆ ಕಬ್ಬಿಣದ ಚೌಕಟ್ಟಿನ ಮೇಲೆ ಹೆಂಚಿನಿಂದ ಒಂದಡಿ ಎತ್ತರದಲ್ಲಿ, ಗಾಳಿ ಆಡುವಂತೆ ಹೊದಿಸಿ. ನೂರು ಹೆಂಚು ಹೆಚ್ಚಿಗೆ ಇಟ್ಟುಕೊಂಡು ಒಡೆದಂತೆಲ್ಲ ಬದಲಾಯಿಸುತ್ತಿರುವುದೇ ನಮ್ಮ ಮಟ್ಟಿಗೆ ವಾಸಿ. ಮಣ್ಣಿನ ಗೋಡೆಯ ಮೇಲೆ ಕಾಂಕ್ರೀಟ್ ಸ್ಲ್ಯಾಬಿನ ಮಾತು ಬೇಡವೇ ಬೇಡ: ನಾಲ್ಕಿಂಚು ಸ್ಲ್ಯಾಬ್ ಚದರ ಅಡಿಗೆ 23 ಕಿಲೋ, ಹೆಂಚು ಮರ ಎಲ್ಲ ಸೇರಿದರೂ ಏಳು ಕಿಲೋ ಮುಟ್ಟುವುದಿಲ್ಲ.

ಬೆಳಕಿಗೆ ಗಾಜಿನ ಹೆಂಚು ಕೋಣೆಗೆ ಎರಡು ಸಾಕು, ಆದಷ್ಟು ಉತ್ತರದ ಮಾಡಿನಲ್ಲಿ. ನಾಲ್ಕು ಹಾಕಿದರೆ ಏಪ್ರಿಲ್‌ನಲ್ಲಿ ಮಧ್ಯಾಹ್ನ ಅದರಡಿ ಕೂರಲಾಗುವುದಿಲ್ಲ.

ಹೊಗೆ, ಕುಟ್ಟೆ, ಗೆದ್ದಲು

ಹಳೇ ಅಡುಗೆಮನೆಯ ಪಕಾಸಿ ಕಪ್ಪಗೆ ಹೊಳೆಯುತ್ತಿರುತ್ತದೆ. ಗಲೀಜೆಂದು ಉಜ್ಜಿಸಿ ವಾರ್ನಿಷ್ ಹೊಡೆಸುವವರೇ ಹೆಚ್ಚು. ಆ ಮಸಿಯೇ ಅಷ್ಟು ವರ್ಷ ಮರ ಕಾಯ್ದದ್ದು. ದಿನಾ ಎರಡು ಹೊತ್ತು ಹೊಗೆ ಏರುವ ಮಾಡಿನಲ್ಲಿ ಹುಳಕ್ಕೆ ಜಾಗವಿಲ್ಲ, ಥಂಡಿಯೂ ನಿಲ್ಲುವುದಿಲ್ಲ. ಒಲೆ ಹೋಗಿ ಗ್ಯಾಸ್ ಬಂದ ಮೇಲೆ, ಅಥವಾ ಮನೆಗೆ ಬೀಗ ಬಿದ್ದ ಮೇಲೆ, ಎರಡು ಮೂರು ವರ್ಷದಲ್ಲಿ ನೆಲದ ಮೇಲೆ ಹಳದಿ ಹಿಟ್ಟು ಉದುರತೊಡಗುತ್ತದೆ. ಅದು ಕುಟ್ಟೆ, ಮರ ಕೊರೆಯುವ ಹುಳದ ಕೆಲಸ. ಹೊಗೆ ಇಲ್ಲದ ಮನೆಗೆ ಮದ್ದು ಬೇಕು: ಹತ್ತು ಲೀಟರ್ ಬಿಸಿನೀರಿಗೆ 600 ಗ್ರಾಂ ಬೊರಾಕ್ಸ್, 400 ಗ್ರಾಂ ಬೋರಿಕ್ ಆಸಿಡ್ ಕರಗಿಸಿ, ಒಣಮರಕ್ಕೆ ದಿನ ಬಿಟ್ಟು ದಿನ ಮೂರು ಸಲ ಬ್ರಷ್ಷಿನಿಂದ ಕುಡಿಸಿ. ಮಳೆ ತಾಗುವ ಸೂರಿನ ತುದಿಗೆ ಇದು ತೊಳೆದು ಹೋಗುತ್ತದೆ; ಅಲ್ಲಿಗೆ ಗೇರುಬೀಜದ ಸಿಪ್ಪೆಯಿಂದ ತೆಗೆದ ಗೇರೆಣ್ಣೆಯೇ ಸರಿ. ಗೇರೆಣ್ಣೆ ಚರ್ಮಕ್ಕೆ ತಾಗಿದರೆ ಬೊಕ್ಕೆ ಏಳುತ್ತದೆ, ಉದ್ದ ತೋಳಿನ ಅಂಗಿ, ರಬ್ಬರ್ ಗ್ಲೌಸ್ ಇಲ್ಲದೆ ಮುಟ್ಟಬೇಡಿ.

ಗೆದ್ದಲು ನೆಲದಿಂದ ಬರುತ್ತದೆ. ಬಾಗಿಲ ದಾರಂದದ ಬುಡ ಮಣ್ಣಿಗೆ ತಾಗದಂತೆ ಕಲ್ಲಿನ ಮೇಲೆ ನಿಲ್ಲಿಸುವುದು ಅರ್ಧ ಚಿಕಿತ್ಸೆ. ಉಳಿದದ್ದಕ್ಕೆ ನೆಲವೂ ಗೋಡೆಯೂ ಕೂಡುವ ಗೆರೆಯಲ್ಲಿ ಅಡಿಗೊಂದು ತೂತು ಕೊರೆದು, ಒಂದು ಲೀಟರ್ ಕ್ಲೋರ್‌ಪೈರಿಫಾಸ್ 20 ಇ.ಸಿ.ಗೆ 19 ಲೀಟರ್ ನೀರು ಬೆರೆಸಿ, ತೂತಿಗೆ ಒಂದು ಲೀಟರಿನವರೆಗೆ ಇಳಿಸುತ್ತಾರೆ. ಅಂಗಳದಲ್ಲೇ ಕುಡಿಯುವ ನೀರಿನ ಬಾವಿ ಇದ್ದರೆ ಇದನ್ನು ಮಾಡಬೇಡಿ. ಹುತ್ತ ಹಬ್ಬಿದ ಮಣ್ಣಿನ ಕೊಳವೆಗಳನ್ನು ತಿಂಗಳಿಗೊಮ್ಮೆ ಕೆರೆದು ಸೀಮೆಎಣ್ಣೆ ಸವರುತ್ತಿದ್ದರೂ ಹತೋಟಿಯಲ್ಲಿರುತ್ತದೆ.

ಬಚ್ಚಲು ಹೊರಗೇ ಇರಲಿ

ಸಣ್ಣ ಮನೆ ಮಾಡುವಾಗ ಎಲ್ಲರೂ ಎಡವುವುದು ಇಲ್ಲಿ. ಒಳಗಿನ ಒಂದು ಮೂಲೆಗೆ ಟೈಲ್ಸ್ ಹಾಕಿ ಬಾತ್‌ರೂಮ್ ಮಾಡುತ್ತಾರೆ. ಟೈಲ್ಸ್ ಸಂದಿಯಿಂದ ದಿನಾ ಇಷ್ಟಿಷ್ಟೇ ಇಳಿದ ನೀರು ಹಿಂದಿನ ಮಣ್ಣಿನ ಗೋಡೆಗೆ ಕೂತರೆ ಹೊರಗಿನಿಂದ ಗೊತ್ತೇ ಆಗುವುದಿಲ್ಲ. ಹಿಂದಿನವರು ಬಚ್ಚಲನ್ನು ಆಚೆ ಇಟ್ಟದ್ದಕ್ಕೆ ಮಡಿಯೊಂದೇ ಕಾರಣವಲ್ಲ.

ಮನೆಯ ಪಕ್ಕಕ್ಕೆ, ತ್ರಿಕೋನದ ಗೋಡೆ ಇರುವ ಕಡೆ, 5ಕ್ಕೆ 8 ಅಡಿಯ ಬೇರೆ ಕೋಣೆ ಕಟ್ಟಿ ಇಳಿಮಾಡು ಕೊಡಿ. ಸೂರಿನ ಕಡೆ ಕಟ್ಟಲು ಹೋದರೆ ಸೂರೇ ಏಳಡಿಯಲ್ಲಿರುತ್ತದೆ, ಅದರಡಿಯಿಂದ ಇಳಿಜಾರು ಕೊಟ್ಟರೆ ಆಚೆ ತುದಿಯಲ್ಲಿ ತಲೆ ಬಡಿಯುತ್ತದೆ. ನಾಲ್ಕು ಮಾಡಿನ ಮನೆಯಲ್ಲಿ ತ್ರಿಕೋನ ಗೋಡೆಯೇ ಇರುವುದಿಲ್ಲ. ಆಗ ಮೂರಡಿ ಬಿಟ್ಟು ಪ್ರತ್ಯೇಕ ಕಟ್ಟಿ ನಡುವಿನ ದಾರಿಗೆ ಮಾತ್ರ ಹೊದಿಕೆ ಹಾಕಿ. ಹೊಸ ಗೋಡೆ ಜಂಬಿಟ್ಟಿಗೆಯದೋ ಬ್ಲಾಕಿನದೋ ಇರಲಿ, ಅದಕ್ಕೆ ಅದರದೇ ಅಡಿಪಾಯ. ಹಳೇ ಗೋಡೆಗೆ ಹಲ್ಲು ಕೊಟ್ಟು ಕಟ್ಟಬೇಡಿ, ಹೊಸದು ಕೂರುವಾಗ ಹಳೆಯದನ್ನು ಸೀಳುತ್ತದೆ. ಅರ್ಧ ಇಂಚು ಸಂದಿ ಬಿಟ್ಟು, ಮೇಲೆ ಅಲ್ಯೂಮಿನಿಯಂ ತಗಡಿನ ಪಟ್ಟಿ ಮುಚ್ಚಿ. ನೆಲ ಮನೆಯ ನೆಲಕ್ಕಿಂತ ನಾಲ್ಕಿಂಚು ತಗ್ಗು. ಬಚ್ಚಲ ಹಂಡೆ ಒಲೆಯನ್ನು ಉಳಿಸಿಕೊಳ್ಳಿ, ಮಳೆಗಾಲದಲ್ಲಿ ಬಟ್ಟೆ ಒಣಗುವುದು ಅದರಿಂದಲೇ.

ಪಾಯಿಖಾನೆಗೆ ಎರಡು ಇಂಗುಗುಂಡಿ, ಒಂದು ತುಂಬಿದಾಗ ಇನ್ನೊಂದಕ್ಕೆ ತಿರುಗಿಸುವಂತೆ. ಬಾವಿಯಿಂದ 50 ಅಡಿ ದೂರ, ಬಾವಿಗಿಂತ ಇಳಿಜಾರಿನ ಕೆಳಗೆ. ಜಂಬಿಟ್ಟಿಗೆ ನೆಲ ಜರಡಿಯಿದ್ದಂತೆ, ಮಳೆಗಾಲದಲ್ಲಿ ಅಂತರ್ಜಲ ನೆಲದ ಮಟ್ಟಕ್ಕೇ ಬರುತ್ತದೆ. ಇಲ್ಲಿ ಅಳತೆಯಲ್ಲಿ ಜಿಪುಣತನ ಬೇಡ.

ನೆಲ ಮತ್ತು ಒಳಜಾಗ

ಮಣ್ಣುನೆಲವನ್ನು ಎಂಟಿಂಚು ಅಗೆದು, ನಾಲ್ಕಿಂಚು 40 ಮಿಲಿಮೀಟರ್ ಜಲ್ಲಿ ಹಾಸಿ ಕುಟ್ಟಿ. ಜಲ್ಲಿಯಲ್ಲಿ ಪುಡಿ ಇರಬಾರದು. ಬರೀ ಕಲ್ಲಿನ ನಡುವಿನ ಪೊಳ್ಳೇ ಥಂಡಿ ಮೇಲೇರದಂತೆ ತಡೆಯುವುದು. ನಮ್ಮ 425 ಚದರ ಅಡಿಗೆ 160 ಘನ ಅಡಿ ಬೇಕು. ಮೇಲೆ ಮೂರಿಂಚು ಕಾಂಕ್ರೀಟ್, ಒಂದು ಸಿಮೆಂಟ್, ಮೂರು ಮರಳು, ಆರು ಜಲ್ಲಿ. ಹದಿನಾಲ್ಕು ಚೀಲ ಸಿಮೆಂಟ್. ಗೋಡೆಯ ಸುತ್ತ ನಾಲ್ಕಿಂಚು ಪಟ್ಟಿ ಕಾಂಕ್ರೀಟ್ ಹಾಕದೆ ಬಿಟ್ಟು ಸುಣ್ಣದ ಗಾರೆಯಿಂದ ತುಂಬಿ, ನೆಲದಡಿಯ ಹಬೆ ಗೋಡೆ ಹತ್ತುವ ಬದಲು ಅಲ್ಲಿಂದ ಹೊರಡಲಿ. ಮೇಲೆ ಕೆಂಪು ಕಾವಿ ನೆಲವಾದರೆ 50 ಕಿಲೋ ಸಿಮೆಂಟಿಗೆ 5 ಕಿಲೋ ಬಣ್ಣ ಮೀರಬೇಡಿ, ಹೆಚ್ಚಾದರೆ ನೆಲ ಪುಡಿ ಏಳುತ್ತದೆ. ಒಂದು ಕೋಣೆಯನ್ನು ಒಂದೇ ದಿನ, ಒಂದೇ ಕೈ ಮುಗಿಸಬೇಕು. ಮರುದಿನ ಸೇರಿಸಿದ ಗೆರೆ ಜನ್ಮಪೂರ್ತಿ ಕಾಣುತ್ತದೆ.

ಅಡ್ಡಗೋಡೆಯ ಮುಂದೆ 17ಕ್ಕೆ ಹದಿಮೂರೂವರೆ ಅಡಿಯ ನಡುಮನೆ, ಹಿಂದೆ 17ಕ್ಕೆ 10. ಹಿಂದಿನದನ್ನು ಏಳಡಿ ಅಡುಗೆಗೆ, ಒಂಬತ್ತೂವರೆ ಅಡಿ ಮಲಗುವುದಕ್ಕೆ ಎಂದು ಭಾಗ ಮಾಡಿ. ನಡುವೆ ಇಟ್ಟಿಗೆ ಬೇಡ. ಅಡಿಕೆ ದಬ್ಬೆಯ ತಟ್ಟಿ ಕಟ್ಟಿ ಎರಡೂ ಕಡೆ ಮಣ್ಣು ಮೆತ್ತಿದರೆ ಮೂರ್ನಾಲ್ಕಿಂಚಿನ ಹಗುರ ಗೋಡೆ, ಅಡಿಪಾಯವೇ ಬೇಡ. ಏಳಡಿಗೆ ನಿಲ್ಲಿಸಿ, ಮೇಲೆ ಗಾಳಿ ಆಡಲಿ. ಅಡುಗೆಕಟ್ಟೆ ಉದ್ದ ಗೋಡೆಗೆ ಎರಡಡಿ ಅಗಲ, ಸಿಂಕು ಹೊರಗೋಡೆಯ ಕಡೆ. ಪೈಪನ್ನು ಗೋಡೆಯೊಳಗೆ ಹೂಳದೆ ಹೊರಗೆ ಕಾಣುವಂತೆ ಎಳೆಯಿರಿ.

ಮುಚ್ಚಿಗೆಯ, ಅಂದರೆ ತೊಲೆಗಳ ಮೇಲೆ ಹಾಸಿದ ಮರದ ಹೊದಿಕೆಯ, ಮಣ್ಣು ಮೂರಿಂಚು ಇದ್ದರೂ ಚದರ ಅಡಿಗೆ ಹತ್ತು ಕಿಲೋ ದಾಟುತ್ತದೆ. ತೊಲೆ ಬಾಗಿರುವ ಕಡೆ ಇಳಿಸಿ. ನಡುಮನೆ ಮತ್ತು ಮಲಗುವ ಕೋಣೆಯ ಮೇಲೆ ತೊಲೆ ಗಟ್ಟಿಯಿದ್ದರೆ ಉಳಿಸಿ. ಬೇಸಿಗೆಯಲ್ಲಿ ಅದರಡಿಯ ತಂಪು ಫ್ಯಾನಿನಿಂದ ಬರುವುದಿಲ್ಲ. ಅಟ್ಟದಲ್ಲಿ ನೆತ್ತಿಯಡಿ ಐದಡಿ ಚಿಲ್ಲರೆ ಸಿಗುತ್ತದೆ. ಪುಸ್ತಕ, ಹಾಸಿಗೆ, ಬಂದ ನೆಂಟರ ಮಕ್ಕಳಿಗೆ ಆಗುತ್ತದೆ, ನಿಂತು ಓಡಾಡಲಾಗದು.

ವೈರಿಂಗನ್ನು ಗೋಡೆ ಕೊರೆದು ಹೂಳಬೇಡಿ, ಗೋಡೆಯ ಮೇಲೆ ಪಿವಿಸಿ ಪೈಪಿನಲ್ಲಿ ಒಯ್ಯಿರಿ. ಅಟ್ಟದಲ್ಲಂತೂ ಬರಿ ವೈರ್ ಬಿಟ್ಟರೆ ಇಲಿ, ಅಳಿಲು ಕಡಿಯುತ್ತವೆ. ಕರೆಂಟು ಸೋರಿದರೆ ತಾನೇ ಕಡಿಯುವ ಸ್ವಿಚ್ಚು, 30 ಮಿಲಿಆಂಪಿಯರಿನ ಆರ್‌ಸಿಸಿಬಿ, ಇರಲೇಬೇಕು. ಥಂಡಿ ಗೋಡೆಗೂ ಸಡಿಲ ವೈರಿಗೂ ಹಳೇ ನಂಟು.

ಜಗಲಿಗೆ ಸುತ್ತ ಗಾಜು ಹಾಕಿ ಕೋಣೆ ಮಾಡಬೇಡಿ. ಎದುರಿನ ಗೋಡೆ ಒಣಗುವುದು ಆ ತೆರಪಿನಿಂದ. ಪಡುವಣದ ಗಾಳಿಮಳೆ ಹೊಡೆಯುವ ಕಡೆಗೆ ಮಾತ್ರ ಜೂನ್ ಮೊದಲ ವಾರ ಸೋಗೆ ತಟ್ಟಿ ಕಟ್ಟಿ, ದಸರೆಗೆ ಬಿಚ್ಚಿ.

ಒಳಗಿನ ಸುಣ್ಣದ ಕೊನೆಯ ಎರಡು ಕೋಟನ್ನು ಮೊದಲ ವರ್ಷ ಬಳಿಯಬೇಡಿ. ಒಂದು ಮಳೆಗಾಲ ಕಳೆಯಲಿ. ಎಲ್ಲಿ ಕಲೆ ಮೂಡಿತು, ಯಾವ ಮೂಲೆಯಲ್ಲಿ ಗಿಲಾವು ಪೊಳ್ಳಾಯಿತು ಎಂದು ಬರಿ ಗೋಡೆಯ ಮೇಲೆ ಸ್ಪಷ್ಟವಾಗಿ ಕಾಣುತ್ತದೆ. ದೀಪಾವಳಿ ಕಳೆದು ಗೋಡೆ ಬೆಳ್ಳಗೆ ಒಣಗಿದ ಮೇಲೆ ಆ ಜಾಗಗಳನ್ನು ಕೆರೆದು ತೇಪೆ ಹಾಕಿ, ಆಮೇಲೆ ಬಳಿಯಿರಿ.